ಮೀನು ಆರಾಮಾಗಿದೆ, ಹವಳ ಮಾತ್ರ ಬಾಯಿ ಮುಚ್ಕೊಂಡಿದೆ: ತೋಟದ ಮನೆಯ ರೀಫ್ ಟ್ಯಾಂಕಲ್ಲಿ ಏನಾಗಿರಬಹುದು?

ಪ್ರಶ್ನೆ: ನಮ್ಮದು ಸುಂಟಿಕೊಪ್ಪದ ಹತ್ರ ತೋಟದ ಮನೆ. ಎರಡು ವರ್ಷದಿಂದ 90 ಲೀಟರ್‌ದು ಒಂದು ರೀಫ್ ಟ್ಯಾಂಕ್ (ಹವಳ ಬೆಳೆಸೋ ಉಪ್ಪುನೀರಿನ ಅಕ್ವೇರಿಯಂ) ಇಟ್ಕೊಂಡಿದೀನಿ. ಎರಡು ಕ್ಲೌನ್ ಮೀನು, ಒಂದು ಕ್ಲೀನರ್ ಸೀಗಡಿ, ನಾಲ್ಕು ಬಸವನಹುಳ, ಹವಳದಲ್ಲಿ ಜೋಆಂಥಿಡ್ (ಜೋಆ), ಮಶ್ರೂಮ್, ಒಂದು ಲೆದರ್, ಸ್ವಲ್ಪ ಜೀನಿಯಾ ಇತ್ತು. ಮೇ ತನಕ ಎಲ್ಲ ಚೆನ್ನಾಗಿತ್ತು. ಜೂನ್ ಮೊದಲ ವಾರ ಬಸವನಹುಳ ಒಂದೊಂದೇ ಕೆಳಗೆ ಬಿದ್ವು, ಆಮೇಲೆ ಸೀಗಡಿ ಸತ್ತೋಯ್ತು, ಜೀನಿಯಾ ಕರಗೇ ಹೋಯ್ತು, ಈಗ ಮೂರು ವಾರದಿಂದ ಜೋಆ ಅರಳಿಲ್ಲ. ಮೀನಿಗೆ ಏನೂ ಆಗಿಲ್ಲ. ಸಾಲಿನಿಟಿ (ಉಪ್ಪಿನಂಶ) 1.025, ಕೆಎಚ್ (ನೀರಿನ ಕ್ಷಾರೀಯತೆ) 8, ನೈಟ್ರೇಟ್ 5, ಫಾಸ್ಫೇಟ್ 0.05, ಟೆಂಪರೇಚರ್ 25. ಅಂಗಡಿಯಲ್ಲಿ ಲೈಟ್ ಸಾಕಾಗಲ್ಲ ಅಂದ್ರು, ದೊಡ್ಡ ಲೈಟ್ ಹಾಕಿದೆ, ಕೋರಲ್ ಬೂಸ್ಟರ್ ಅಂತ ಒಂದು ಬಾಟ್ಲಿನೂ ಕೊಟ್ರು. ಉಪ್ಪುನೀರು ಮಾಡೋಕೆ ಮನೆ ಆರ್‌ಓ ನೀರು, ಆರಿ ಹೋದಷ್ಟು ನೀರು ತುಂಬೋ ಟಾಪ್ ಅಪ್‌ಗೆ ಜೂನ್‌ನಿಂದ ಮಾಡಿನ ಮಳೆನೀರು ಹಿಡಿದು ಹಾಕ್ತಿದೀನಿ, ಟಿಡಿಎಸ್ ಬರೀ 8 ಇದೆ. ತಪ್ಪು ಎಲ್ಲಾಗ್ತಿದೆ? ಇನ್ನೊಂದು, ಪರಿಚಯದವರು ಕರಾವಳಿ ಕಡೆಯಿಂದ ಜೀವಂತ ಕಲ್ಲು, ಹವಳ ತಂದುಕೊಡ್ತೀನಿ ಅಂತಿದಾರೆ, ತರಿಸ್ಲಾ?

ಉತ್ತರ: ಮೊದಲು ಆ ಹೊಸ ಲೈಟನ್ನ 30–40 ಪರ್ಸೆಂಟ್‌ಗೆ ಇಳಿಸಿ, ಬೂಸ್ಟರ್ ಬಾಟ್ಲಿ ಮುಚ್ಚಿ ಕಪಾಟಲ್ಲಿ ಇಡಿ, ಮಳೆನೀರು ಹಾಕೋದು ಇವತ್ತೇ ನಿಲ್ಸಿ. ಈ ಮೂರು ಮಾಡಿ ಆಮೇಲೆ ಮುಂದೆ ಓದಿ.

ನೀವು ಕಳಿಸಿದ ನಂಬರ್ ಎಲ್ಲ ನೋಡಿದೆ. ಸಾಫ್ಟ್ ಕೋರಲ್ ಟ್ಯಾಂಕಿಗೆ ಅದರಲ್ಲಿ ಒಂದೂ ಕೆಟ್ಟದಿಲ್ಲ, ಕೆಎಚ್ 7ರಿಂದ 11ರ ಒಳಗೆ ಎಲ್ಲಿದ್ರೂ ನಡೆಯುತ್ತೆ, ನೈಟ್ರೇಟ್ ಫಾಸ್ಫೇಟ್ ಪೂರ್ತಿ ಸೊನ್ನೆ ಆಗಿದ್ರೆ ಅದು ಬೇರೆ ಕಥೆ ಆಗ್ತಿತ್ತು, ನಿಮ್ಮದು ಹಾಗೂ ಇಲ್ಲ. ನಂಬರ್ ಸರಿ ಇದ್ದೂ ಹವಳ ಮುಚ್ಕೊಂಡಿದೆ ಅಂದ್ರೆ ನೀವು ಅಳೀದೇ ಇರೋದು ಏನೋ ಒಂದು ನೀರಲ್ಲಿದೆ. ಅದು ಏನು ಅಂತ ಟೆಸ್ಟ್ ಕಿಟ್‌ಗಿಂತ ಚೆನ್ನಾಗಿ ಹೇಳೋದು ನೀವೇ ಬರೆದ ಇನ್ನೊಂದು ವಿಷಯ: ಯಾವುದು ಮೊದಲು ಸತ್ತಿತು, ಯಾವುದು ಆಮೇಲೆ, ಯಾವುದು ಇನ್ನೂ ಉಳಿದಿದೆ.

ಬಸವನಹುಳ ಮೊದಲು, ಆಮೇಲೆ ಸೀಗಡಿ, ಆಮೇಲೆ ಜೀನಿಯಾ, ಈಗ ಜೋಆ, ಮೀನಿಗೆ ಏನೂ ಇಲ್ಲ. ಬೆನ್ನುಮೂಳೆ ಇಲ್ಲದ ಜೀವಿಗಳೆಲ್ಲ ಸಾಲಾಗಿ ಹೋಗಿ, ಬೆನ್ನುಮೂಳೆ ಇರೋ ಮೀನು ಮಾತ್ರ ಆರಾಮಾಗಿದೆ ಅಂದ್ರೆ ನನ್ನ ಮೊದಲ ಅನುಮಾನ ತಾಮ್ರ. ಆಕ್ಸಿಜನ್ ಕಮ್ಮಿ ಆಗಿದ್ರೆ ಮೀನು ಮೊದಲು ಮೇಲೆ ಬಂದು ಬಾಯಿ ಬಿಡ್ತಿತ್ತು. ಅಮೋನಿಯಾ ಏರಿದ್ರೂ ಮೀನಿಗೂ ತೊಂದರೆ ಕಾಣ್ತಿತ್ತು. ಸೀಗಡಿ ಮಾತ್ರ ರಾತ್ರೋರಾತ್ರಿ ಹೋಗಿ ಬಸವನಹುಳ ಹವಳ ಎಲ್ಲ ಚೆನ್ನಾಗೇ ಇದ್ದಿದ್ರೆ ನಾನು ಕೀಟನಾಶಕದ ಕಡೆ ನೋಡ್ತಿದ್ದೆ. ಲೈಟಿನ ತೊಂದರೆ ಆದ್ರೆ ಬಸವನಹುಳ ಯಾಕೆ ಸಾಯ್ಬೇಕು? ಅದಕ್ಕೆ ಲೈಟೇ ಬೇಡ. ಅಂಗಡಿಯವರು ಇದೊಂದು ಪ್ರಶ್ನೆ ಕೇಳಿದ್ರೆ ಸಾಕಿತ್ತು, ನಿಮ್ಮ ದುಡ್ಡು ಉಳೀತಿತ್ತು.

ಸಮುದ್ರದ ಮೀನಿಗೆ ಬಿಳಿಚುಕ್ಕೆ ರೋಗ ಬಂದ್ರೆ ಬೇರೆ ಟ್ಯಾಂಕಲ್ಲಿಟ್ಟು ತಾಮ್ರದ ಔಷಧಿನೇ ಕೊಡ್ತಾರೆ, ಸಾದಾ ಅಯಾನಿಕ್ ತಾಮ್ರ ಆದ್ರೆ ಲೀಟರಿಗೆ 0.2 ಮಿಲಿಗ್ರಾಂ ಆಸುಪಾಸು, ವಾರಗಟ್ಟಲೆ. ಕ್ಲೌನ್ ಮೀನು ಅದನ್ನ ತಡ್ಕೊಳ್ಳುತ್ತೆ. ಅದೇ ನೀರಿಗೆ ಒಂದು ಬಸವನಹುಳ ಬಿಟ್ರೆ ಬದುಕಲ್ಲ. ವಿಚಿತ್ರ ಅಂದ್ರೆ ಬಸವನಹುಳ, ಸೀಗಡಿಯ ರಕ್ತದಲ್ಲಿ ಆಮ್ಲಜನಕ ಹೊರೋದೇ ತಾಮ್ರ ಇರೋ ಒಂದು ಪ್ರೋಟೀನು, ನಮಗೆ ಕಬ್ಬಿಣ ಹೇಗೋ ಹಾಗೆ. ಅವಕ್ಕೆ ತಾಮ್ರ ಬೇಕು, ಆದ್ರೆ ಬೇಕಾಗಿರೋದು ತೀರಾ ಕಣದಷ್ಟು. ತೆರೆದ ಸಮುದ್ರದ ನೀರಲ್ಲಿ ತಾಮ್ರ ಇರೋದು ಒಂದು ಪಿಪಿಬಿಗಿಂತ ಕಮ್ಮಿ, ಅಂದ್ರೆ ಒಂದು ಸಾವಿರ ಲೀಟರ್ ನೀರಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ.

ಈಗ ತೋಟಕ್ಕೆ ಬನ್ನಿ. ಮೇ ಕೊನೆ, ಜೂನ್ ಮೊದಲು, ಮಳೆ ಹಿಡಿಯೋಕೆ ಮುಂಚೆ ಕೊಡಗಿನಲ್ಲಿ ಏನು ನಡೆಯುತ್ತೆ ಅಂತ ನಾನು ನಿಮಗೆ ಹೇಳ್ಬೇಕಾಗಿಲ್ಲ. ಅರೇಬಿಕಾಗೆ ಎಲೆ ತುಕ್ಕು ಬರಬಾರದು ಅಂತ, ಕರಿಮೆಣಸಿಗೆ ಸೊರಗು ರೋಗ ಬರಬಾರದು ಅಂತ ಬೋರ್ಡೋ ದ್ರಾವಣ ಹೊಡೀತಾರೆ. ಒಂದು ಪರ್ಸೆಂಟ್ ಬೋರ್ಡೋ ಅಂದ್ರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ಅಂದ್ರೆ ಆ ದ್ರಾವಣದ ಒಂದು ಮಿಲಿಯಲ್ಲಿ ಸುಮಾರು 2.5 ಮಿಲಿಗ್ರಾಂ ತಾಮ್ರ ಇದೆ. ನಿಮ್ಮ 90 ಲೀಟರ್ ಟ್ಯಾಂಕಲ್ಲಿ ಕಲ್ಲು ಮರಳು ಕಳೆದು ನೀರು 80 ಲೀಟರ್ ಇರಬಹುದು ಅಂತ ಇಟ್ಕೊಳ್ಳಿ, ಅದಕ್ಕೆ ಒಂದೇ ಮಿಲಿ ಬೋರ್ಡೋ, ಅಂದ್ರೆ ಹೆಚ್ಚುಕಮ್ಮಿ 20 ಹನಿ, ಸೇರಿದ್ರೆ ಸುಮಾರು 30 ಪಿಪಿಬಿ ಆಗುತ್ತೆ. ಬಕೆಟ್ ಗೋಡೆಗೆ ಅಂಟಿಕೊಂಡು ಒಣಗಿದ ನೀಲಿ ಪುಡಿಯಲ್ಲೇ ಅಷ್ಟು ತಾಮ್ರ ಇರುತ್ತೆ.

ಈಗ ಮಾಡಿನ ನೀರು. ಮನೆ ಪಕ್ಕದ ಸಿಲ್ವರ್ ಓಕ್ ಮರಕ್ಕೆ ಹಬ್ಬಿರೋ ಮೆಣಸಿನ ಬಳ್ಳಿಗೆ ಪವರ್ ಸ್ಪ್ರೇಯರಲ್ಲಿ ಮೇಲ್ಮುಖವಾಗಿ ಹೊಡೆದಾಗ ಗಾಳಿಗೆ ಆ ಮಂಜು ಹಂಚಿನ ಮೇಲೆ, ಜಿಂಕ್ ಶೀಟಿನ ಮೇಲೆ, ದೋಣಿಗೆ ಎಲ್ಲ ಕೂರುತ್ತೆ. ಬೋರ್ಡೋ ಕೆಲಸ ಮಾಡೋ ರೀತಿನೇ ಅದು, ಎಲೆ ಮೇಲೆ ಅಂಟಿಕೊಂಡಿದ್ದು ಮಳೆಗೆ ಸ್ವಲ್ಪ ಸ್ವಲ್ಪವೇ ತಾಮ್ರ ಬಿಡ್ತಾ ಹೋಗೋದು. ಎಲೆ ಮೇಲೆ ಮಾಡೋದನ್ನೇ ನಿಮ್ಮ ಮಾಡಿನ ಮೇಲೂ ಮಾಡುತ್ತೆ. ಜೊತೆಗೆ ಜಿಂಕ್ ಶೀಟ್ ಇದ್ರೆ ಸತುವೂ ಬರುತ್ತೆ, ಅದೂ ಜಾಸ್ತಿ ಆದ್ರೆ ಹವಳಕ್ಕೆ ಆಗಲ್ಲ.

ಟಿಡಿಎಸ್ 8 ಇದೆಯಲ್ಲ ಅಂತೀರಿ. ಇಲ್ಲೇ ತುಂಬಾ ಜನ ಎಡವೋದು, ಅದಕ್ಕೇ ಬಿಡಿಸಿ ಹೇಳ್ತೀನಿ. ಟಿಡಿಎಸ್ ಮೀಟರ್ ನೀರಲ್ಲಿ ಕರಗಿರೋದು ಎಷ್ಟು ಅಂತ ಹೇಳುತ್ತೆ, ಏನು ಅಂತ ಹೇಳಲ್ಲ. ಅದರ ಒಂದು ಅಂಕಿ ಅಂದ್ರೆ ಸುಮಾರು ಒಂದು ಪಿಪಿಎಂ, ಒಂದು ಪಿಪಿಎಂ ಅಂದ್ರೆ 1000 ಪಿಪಿಬಿ. ಹವಳಕ್ಕೆ ತೊಂದರೆ ಕೊಡೋ ತಾಮ್ರ ಇರೋದು ಹತ್ತಾರು ಪಿಪಿಬಿಯಲ್ಲಿ, ಆ ಮೀಟರಿನ ಒಂದು ಅಂಕಿಯೊಳಗೇ ಅದು ಅಡಗಿ ಕೂತಿರುತ್ತೆ. ಮೇಲಾಗಿ ಟಾಪ್ ಅಪ್ ನೀರು ಆರಿ ಹೋಗುತ್ತೆ, ಅದರಲ್ಲಿ ಬಂದ ತಾಮ್ರ ಆರಲ್ಲ, ದಿನಾ ಒಂದೊಂದು ಚೊಂಬು ಹಾಕಿದ ಹಾಗೆ ಕೂಡ್ತಾ ಹೋಗುತ್ತೆ.

ಇನ್ನೊಂದು ಅನುಮಾನ ನಿಮ್ಮ ಆರ್‌ಓ ಮೇಲೆ. ಅದು ಯಾವ ಥರದ್ದು ಅಂತ ನೀವು ಬರೆದಿಲ್ಲ. ಈಗ ಬರೋ ಎಷ್ಟೋ ಮನೆ ಫಿಲ್ಟರಲ್ಲಿ ತಾಮ್ರದ ನೀರು ಆರೋಗ್ಯಕ್ಕೆ ಒಳ್ಳೇದು ಅಂತ ಕೊನೇಲಿ ಒಂದು ಕಾಪರ್ ಕ್ಯಾಟ್ರಿಜ್ ಇರುತ್ತೆ, ಕುಡಿಯೋರಿಗೆ ಏನೂ ತೊಂದರೆ ಇಲ್ಲ, ಆದ್ರೆ ರೀಫ್ ಟ್ಯಾಂಕಿಗೆ ಅದು ವಿಷವನ್ನ ನಾವೇ ಅಳೆದು ಸೇರಿಸಿದ ಹಾಗೆ. ಮುಚ್ಚಳ ತೆಗೆದು ನೋಡಿ, ಇಲ್ಲಾಂದ್ರೆ ಸರ್ವಿಸ್‌ಗೆ ಬರೋರನ್ನ ಕೇಳಿ. ಕಾಪರ್ ಕ್ಯಾಟ್ರಿಜ್ ಇಲ್ಲದಿದ್ರೂ ಟಿಡಿಎಸ್ ಕಂಟ್ರೋಲರ್ ಅಂತ ಒಂದು ಚಿಕ್ಕ ತಿರುಪು ಇರುತ್ತೆ, ಅದು ಮೆಂಬ್ರೇನ್ ದಾಟದ ಹಸಿ ನೀರನ್ನ ರುಚಿಗೆ ಅಂತ ಮಿಕ್ಸ್ ಮಾಡುತ್ತೆ. ಮತ್ತೆ ಬಚ್ಚಲಿನ ತಾಮ್ರದ ಹಂಡೆಯಲ್ಲಿ ನೀರು ತುಂಬಿಟ್ಟು ಬಳಸ್ತಿದ್ರೆ ಅದೂ ಬೇಡ, ಹಿತ್ತಾಳೆ ನಲ್ಲಿಯಲ್ಲಿ ರಾತ್ರಿಯಿಡೀ ನಿಂತ ನೀರೂ ಬೇಡ.

ಬಕೆಟ್ ವಿಷಯ ಮನೆಯವರನ್ನೆಲ್ಲ ಕೂರಿಸಿ ಕೇಳಿ. ಬೋರ್ಡೋ ಕಲೆಸೋಕೆ ಕಬ್ಬಿಣದ ಪಾತ್ರೆ ಆಗಲ್ಲ ಅಂತ ಪ್ಲಾಸ್ಟಿಕ್ ಬಕೆಟ್, ಡ್ರಮ್ಮೇ ತಗೊಳ್ಳೋದು, ಕೆಲಸ ಮುಗಿದ ಮೇಲೆ ತೊಳೆದು ಬಚ್ಚಲ ಹತ್ರ ಕವುಚಿಟ್ರೆ ಯಾವುದು ಯಾವುದು ಅಂತ ಗೊತ್ತೇ ಆಗಲ್ಲ. ದ್ರಾವಣ ಸರಿಯಾಗಿದೆಯಾ ಅಂತ ಕತ್ತಿ ಅದ್ದಿ ನೋಡ್ತೀವಲ್ಲ, ಸುಣ್ಣ ಸಾಲದಿದ್ರೆ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂರುತ್ತೆ, ಆ ಕೆಂಪು ಕಣ್ಣಿಗೆ ಕಾಣೋ ಅಷ್ಟು ತಾಮ್ರ. ನಿಮ್ಮ ಟ್ಯಾಂಕಿನ ಲೆಕ್ಕ ಅದರ ಸಾವಿರದಲ್ಲಿ ಒಂದು ಪಾಲೂ ಅಲ್ಲ, ಅದಕ್ಕೇ ಕತ್ತಿಯಲ್ಲೂ ಕಾಣಲ್ಲ, ಅಂಗಡಿಯಲ್ಲಿ ಸಿಗೋ ಕಾಪರ್ ಟೆಸ್ಟ್ ಕಿಟ್ಟಲ್ಲೂ ಕಾಣಲ್ಲ. ಆ ಕಿಟ್ ಮೀನಿಗೆ ಔಷಧಿ ಹಾಕುವಾಗ ಅಳೆಯೋಕೆ ಮಾಡಿರೋದು, ಅದರಲ್ಲಿ ಸೊನ್ನೆ ಬಂತು ಅಂತ ಸಮಾಧಾನ ಮಾಡ್ಕೋಬೇಡಿ. ಸರಿಯಾಗಿ ಗೊತ್ತಾಗಬೇಕು ಅಂದ್ರೆ ಐಸಿಪಿ ಟೆಸ್ಟೇ ಆಗಬೇಕು, ಚಿಕ್ಕ ಟ್ಯೂಬಲ್ಲಿ ನೀರು ತುಂಬಿ ಲ್ಯಾಬಿಗೆ ಕಳಿಸೋದು. ಖರ್ಚೂ ಇದೆ, ರಿಪೋರ್ಟ್ ಬರೋಕೆ ಸಮಯವೂ ಹಿಡಿಯುತ್ತೆ, ಅಲ್ಲಿವರೆಗೆ ಕಾಯ್ತಾ ಕೂರಬೇಡಿ.

ಕಾಯದೇ ತಿಳ್ಕೊಳ್ಳೋಕೆ ಮನೆಯಲ್ಲೇ ಒಂದು ದಾರಿ ಇದೆ, ನಾನು ಯಾರೇ ಕೇಳಿದ್ರೂ ಇದನ್ನೇ ಮೊದಲು ಹೇಳೋದು. ಒಂದು ಹೊಚ್ಚ ಹೊಸ ಬಕೆಟ್ ತಗೊಳ್ಳಿ, ಅಡುಗೆ ಸಾಮಾನಿಗೆ ಬಳಸೋ ಥರದ್ದು. ಇನ್ವರ್ಟರ್ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಸೀಲ್ ಒಡೆಯದ ಕ್ಯಾನಲ್ಲಿ ಸಿಗುತ್ತೆ, 10 ಲೀಟರ್ ತನ್ನಿ, ಮೀಟರಲ್ಲಿ ಸೊನ್ನೆ ತೋರಿಸ್ಬೇಕು, ಇಲ್ಲಾಂದ್ರೆ ಬೇರೆ ಕಡೆ ತನ್ನಿ. ಲೀಟರಿಗೆ 36–38 ಗ್ರಾಂ ಲೆಕ್ಕದಲ್ಲಿ ರೀಫ್ ಸಾಲ್ಟ್ ಕಲೆಸಿ, ಒಂದು ದಿನ ಚಿಕ್ಕ ಪಂಪು ಓಡಿಸಿ, ಹೀಟರ್ ಇಟ್ಟು 25 ಡಿಗ್ರಿಗೆ ತನ್ನಿ, ಸಾಲಿನಿಟಿ ಟ್ಯಾಂಕಿಗೆ ಸಮ ಮಾಡಿ. ಜೋಆ ಇರೋ ಒಂದು ಚಿಕ್ಕ ತುಂಡನ್ನ ಅದಕ್ಕೆ ಹಾಕಿ, ಕಿಟಕಿ ಬೆಳಕು ಅಥವಾ ನಿಮ್ಮ ಹಳೇ ಲೈಟ್ ಸಾಕು. ಮೊದಲ ದಿನ ಏನೂ ಆಗಲ್ಲ. ಎರಡನೇ ದಿನಾನೋ ಮೂರನೇ ದಿನಾನೋ ಮುಚ್ಚಿದ ಮೊಗ್ಗಿನ ತುದಿ ಸ್ವಲ್ಪ ಸಡಿಲ ಆಗಿ, ಅಂಚಿನ ಕುಚ್ಚು ಒಂದೊಂದೇ ಹೊರಗೆ ಇಣುಕೋಕೆ ಶುರು ಮಾಡಿದ್ರೆ ಹವಳಕ್ಕೆ ರೋಗ ಇಲ್ಲ, ನಿಮ್ಮ ಟ್ಯಾಂಕಿನ ನೀರೇ ಕೆಟ್ಟಿದೆ ಅಂತ ಅರ್ಥ. ಅಲ್ಲೂ ಅರಳಲಿಲ್ಲ ಅಂದ್ರೆ ಹುಳ ಹುಡುಕಿ. ರಾತ್ರಿ ಲೈಟ್ ಆರಿ ಎರಡು ಗಂಟೆ ಆದ ಮೇಲೆ ಟಾರ್ಚ್ ಹಾಕಿ ನೋಡಿ, ಜೋಆ ತಿನ್ನೋ ನುಡಿಬ್ರಾಂಕ್ ಅಂತ ಚಿಪ್ಪಿಲ್ಲದ ಒಂದು ಹುಳ ಇರುತ್ತೆ, ಅದು ಯಾವ ಜೋಆ ತಿನ್ನುತ್ತೋ ಅದರದೇ ಬಣ್ಣ ಬರುತ್ತೆ, ಹಾಗಾಗಿ ಬೇಗ ಕಣ್ಣಿಗೆ ಬೀಳಲ್ಲ, ಬುಡದಲ್ಲಿ ಸುರುಳಿ ಮೊಟ್ಟೆ ಇದೆಯಾ ನೋಡಿ.

ಒಂದು ಎಚ್ಚರಿಕೆ, ಇದು ತುಂಬಾ ಮುಖ್ಯ. ಜೋಆಂಥಿಡ್ ಜಾತಿಯಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಅಂತ ಭಯಂಕರ ವಿಷ ಇರುತ್ತೆ, ಯಾವುದಕ್ಕಿದೆ ಯಾವುದಕ್ಕಿಲ್ಲ ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇಲ್ಲದೆ ತುಂಡು ಮಾಡೋಕೆ ಹೋಗಬೇಡಿ, ಕೈಯಲ್ಲಿ ಗಾಯ ಇದ್ರಂತೂ ಮುಟ್ಟಲೇಬೇಡಿ. ಸತ್ತ ಜೋಆ ಇರೋ ಕಲ್ಲನ್ನ ಕ್ಲೀನ್ ಮಾಡ್ತೀನಿ ಅಂತ ಬಿಸಿನೀರು ಹಾಕೋದು, ಒಲೆ ಮೇಲಿಟ್ಟು ಕುದಿಸೋದು ಮಾಡಲೇಬೇಡಿ, ಆ ಹಬೆ ಉಸಿರಿಗೆ ಹೋಗಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಉದಾಹರಣೆಗಳು ಬೇರೆ ದೇಶಗಳಲ್ಲಿ ಆಗಿವೆ. ಆ ನೀರನ್ನ ನಾಯಿ, ಮಕ್ಕಳು ಓಡಾಡೋ ಅಂಗಳಕ್ಕೂ ಚೆಲ್ಲಬೇಡಿ.

ಬಕೆಟಲ್ಲಿ ಜೋಆ ಅರಳ್ತು ಅಂತ ಇಟ್ಕೊಳ್ಳಿ (ಅರಳುತ್ತೆ ಅಂತ ನನಗೆ ಅನ್ನಿಸ್ತಿದೆ). ಆಗ ಟ್ಯಾಂಕಿನ ನೀರು ಸರಿ ಮಾಡಬೇಕು, ಅವಸರ ಮಾಡ್ದೇ. ಮೂರು ದಿನಕ್ಕೊಂದು ಸಲ 20 ಪರ್ಸೆಂಟ್ ನೀರು ಬದಲಾಯಿಸಿ, ನಿಮ್ಮ ಟ್ಯಾಂಕಿಗೆ ಸುಮಾರು 16 ಲೀಟರ್. ಐದು ಸಲ ಮಾಡಿದ್ರೆ ನೀರಲ್ಲಿರೋ ಕೆಟ್ಟದ್ದು ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ಒಂದೇ ದಿನ ಎಲ್ಲ ನೀರು ಬದಲಾಯಿಸೋಣ ಅಂತ ಹೊರಟ್ರೆ ಮೊದಲೇ ಸೋತಿರೋ ಹವಳಕ್ಕೆ ಇನ್ನೊಂದು ಪೆಟ್ಟು. ಜೊತೆಗೆ ತಾಮ್ರ ಹೀರೋ ಮೀಡಿಯಾ ಹಾಕಿ, ಪಾಲಿಫಿಲ್ಟರ್ ಅಂತ ಒಂದು ಪ್ಯಾಡ್ ಬರುತ್ತೆ, ನೀರು ಅದರ ಮೂಲಕವೇ ಹಾದು ಹೋಗೋ ಹಾಗೆ ಇಡಬೇಕು. ಅದರಲ್ಲಿ ನನಗಿಷ್ಟ ಏನಂದ್ರೆ ತಾಮ್ರ ಹಿಡಿದ್ರೆ ಪ್ಯಾಡ್ ನೀಲಿಯಾಗುತ್ತೆ, ಬರೀ ಕೊಳೆ ಹಿಡಿದ್ರೆ ಕಂದು. ಎರಡು ಮೂರು ದಿನಕ್ಕೆ ತೆಗೆದು ಬೆಳಕಿಗೆ ಹಿಡಿದು ನೋಡಿ, ಮೈಲುತುತ್ತದ ಬಣ್ಣದ ನೆರಳು ಕಂಡ್ರೆ ಅಲ್ಲಿಗೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ತು. ಸೀಕೆಮ್‌ನವರ ಕುಪ್ರಿಸಾರ್ಬ್ ಕೂಡ ಇದೇ ಕೆಲಸಕ್ಕೆ ಇರೋದು. ಹೊಸ ಆಕ್ಟಿವೇಟೆಡ್ ಕಾರ್ಬನ್ನೂ ಹಾಕಿ, ಕರಗಿದ ಜೀನಿಯಾ ಬಿಟ್ಟಿರೋ ಗಲೀಜನ್ನ ಅದು ಎಳೆಯುತ್ತೆ.

ಕಲ್ಲು, ಮರಳು ಸುಣ್ಣದ ಅಂಶದ್ದು, ಅವು ತಾಮ್ರ ಹಿಡಿದಿಟ್ಕೊಂಡು ನಿಧಾನಕ್ಕೆ ವಾಪಸ್ ಬಿಡ್ತಾವೆ, ಹಾಗಾಗಿ ಎರಡು ವಾರಕ್ಕೆ ಎಲ್ಲ ಅರಳಿ ಮತ್ತೆ ಸ್ವಲ್ಪ ಮುಚ್ಚಿಕೊಂಡ್ರೆ ಗಾಬರಿ ಬೇಡ, ಪ್ಯಾಡ್ ಹೊಸದು ಹಾಕಿ ಮುಂದುವರಿಸಿ.

ಮುಂದಕ್ಕೆ ನೀರಿಗೆ ಒಂದು ವ್ಯವಸ್ಥೆ ಬೇಕೇ ಬೇಕು. ಆರ್‌ಓ ಮೆಂಬ್ರೇನಿಂದ ನೇರವಾಗಿ ಬರೋ ಪೈಪಿಗೆ, ಕಂಟ್ರೋಲರ್, ಕಾಪರ್, ಮಿನರಲ್ ಕ್ಯಾಟ್ರಿಜ್‌ಗಳಿಗೆ ಮುಂಚೆನೇ, ಒಂದು ಟಿ ಜಾಯಿಂಟ್ ಹಾಕ್ಸಿ ಅಲ್ಲಿಂದ ಡಿಐ ರೆಸಿನ್ (ನೀರಲ್ಲಿ ಉಳಿದ ಲವಣ ಹಿಡಿಯೋ ಮಣಿ) ತುಂಬಿದ ಡಬ್ಬಿಗೆ ಕೊಡಿ. ಹೊರಗೆ ಬರೋ ನೀರು ಸೊನ್ನೆ ಟಿಡಿಎಸ್ ಇರಬೇಕು, ಒಂದು ತೋರಿಸೋಕೆ ಶುರು ಆದ್ರೆ ರೆಸಿನ್ ಬದಲಾಯಿಸಿ. ನಮ್ಮ ಕಡೆ ಬಾವಿ, ಊಟೆ ನೀರಲ್ಲಿ ಲವಣ ಸಾಮಾನ್ಯವಾಗಿ ಕಮ್ಮಿ, ಹಾಗಾಗಿ ರೆಸಿನ್ ಬಯಲುಸೀಮೆಯ ಬೋರ್‌ವೆಲ್ ನೀರಿಗಿಂತ ಜಾಸ್ತಿ ದಿನ ಬರುತ್ತೆ, ಈ ಹವ್ಯಾಸಕ್ಕೆ ಕೊಡಗಿನವರಿಗೆ ಇರೋ ದೊಡ್ಡ ಅನುಕೂಲ ಅದು.

ನೀವು ಕಳಿಸಿರೋ ಫೋಟೋದಲ್ಲಿ ಲೆದರ್ ಮೇಲೆ ಮೇಣದ ಥರ ಹೊಳೆಯೋ ಪೊರೆ ಕಾಣ್ತಿದೆ, ಅದಕ್ಕೆ ಹೆದರಬೇಡಿ. ಲೆದರ್ ಆಗಾಗ ಪೊರೆ ಬಿಡುತ್ತೆ, ಹಾವು ಬಿಟ್ಟ ಹಾಗೆ, ವಾರದವರೆಗೂ ಮುಚ್ಚಿಕೊಂಡೇ ಇರುತ್ತೆ. ಪಂಪಿನ ನೀರಿನ ಹರಿವು ಸ್ವಲ್ಪ ಅದರ ಕಡೆ ತಿರುಗಿಸಿ, ಪೊರೆ ಕಳಚಿ ಹೋಗುತ್ತೆ. ಕೈಯಿಂದ ಕೀಳಬೇಡಿ. ಮಶ್ರೂಮ್ ಒಂದರ ಅಂಚು ಬಿಳಿಚಿಕೊಂಡಿದೆ, ಅದು ಮಾತ್ರ ಹೊಸ ಲೈಟಿನ ಕೆಲಸ. ಹವಳದೊಳಗೆ ಇರೋ ಪಾಚಿಗೆ ಬೆಳಕು ಜಾಸ್ತಿ ಆದ್ರೆ ಹವಳ ಆ ಪಾಚಿನ ಹೊರಗೆ ಹಾಕುತ್ತೆ, ಬಣ್ಣ ಹೋಗುತ್ತೆ, ಊಟವೂ ಹೋಗುತ್ತೆ. ಅದನ್ನ ನೆರಳಿಗೆ ಸರಿಸಿ. ಲೈಟ್ ಕಮ್ಮಿ ಆಗಿದ್ರೆ ಜೋಆ ಕತ್ತು ಉದ್ದ ಮಾಡಿ ಬೆಳಕಿನ ಕಡೆ ಚಾಚ್ತಿತ್ತು, ನಿಮ್ಮ ಹಳೇ ಫೋಟೋದಲ್ಲಿ ಚಾಪೆ ಹಾಸಿದ ಹಾಗೆ ಗಿಡ್ಡಗೆ ಕೂತಿದೆ, ಅಂದ್ರೆ ಹಳೇ ಲೈಟೇ ಸಾಕಿತ್ತು.

ಮಳೆಗಾಲದ ಬೇರೆ ವಿಷಯ ಒಂದೆರಡು. ಬೇಸಿಗೆಯಲ್ಲಿ ಎಷ್ಟು ನೀರು ಹಾಕ್ತಿದ್ರೋ ಅಷ್ಟೇ ಅಭ್ಯಾಸಬಲದಿಂದ ಈಗಲೂ ಹಾಕಬೇಡಿ, ಈ ಥಂಡಿಯಲ್ಲಿ ನೀರು ಆರೋದೇ ಕಮ್ಮಿ, ಸಾಲಿನಿಟಿ ಇಳಿದುಬಿಡುತ್ತೆ, ಗಾಜಿನ ಮೇಲೆ ಗೆರೆ ಎಳೆದು ಗೆರೆಗೆ ಎಷ್ಟು ಬೇಕೋ ಅಷ್ಟೇ. ಸಾಲಿನಿಟಿ ಅಳೆಯೋ ರಿಫ್ರಾಕ್ಟೋಮೀಟರನ್ನ 35 ಪಿಪಿಟಿ ದ್ರಾವಣದಲ್ಲಿ ಸರಿ ಮಾಡ್ಕೊಳ್ಳಿ. ಉಪ್ಪಿನ ಪ್ಯಾಕೆಟ್ ಒಡೆದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ, ನಮ್ಮ ಕಡೆ ಜುಲೈನಲ್ಲಿ ಅಡುಗೆ ಉಪ್ಪೇ ನೀರಾಗುತ್ತೆ, ಇನ್ನು ಇದು ಗಡ್ಡೆ ಕಟ್ಟಿದ್ರೆ ತೂಕದ ಲೆಕ್ಕವೂ ತಪ್ಪುತ್ತೆ, ಕೆಎಚ್ಚೂ ಕೆಡುತ್ತೆ. ಕಿಟಕಿ ಬಾಗಿಲು ಹಾಕಿ ಒಳಗೆ ಒಲೆ ಉರಿಸಿದ್ರೆ ಮನೆಯೊಳಗೆ ಕಾರ್ಬನ್ ಡೈಆಕ್ಸೈಡ್ ಏರಿ ಪಿಎಚ್ 7.8ಕ್ಕೆ ಬರಬಹುದು, ಸಾಫ್ಟ್ ಕೋರಲ್ ಅದನ್ನ ತಡ್ಕೊಳ್ಳುತ್ತೆ, ಪಿಎಚ್ ಏರಿಸೋ ಪುಡಿ ಹಾಕೋ ಬದಲು ದಿನಕ್ಕೆ ಸ್ವಲ್ಪ ಹೊತ್ತು ಕಿಟಕಿ ತೆಗೀರಿ. ಸ್ಕಿಮ್ಮರಿನ (ನೊರೆ ಮಾಡಿ ನೀರಿನ ಕೊಳೆ ತೆಗೆಯೋ ಸಾಧನ) ಗಾಳಿ ಪೈಪನ್ನ ಹೊರಗೆ ಬಿಡೋದು ಒಳ್ಳೆ ಉಪಾಯ, ಆದ್ರೆ ತೋಟದಲ್ಲಿ ಔಷಧಿ ಹೊಡೆಯೋ ದಿನ ಅದನ್ನ ಒಳಗೆ ಎಳ್ಕೊಳ್ಳಿ, ಟ್ಯಾಂಕಿಗೆ ಮುಚ್ಚಳ ಹಾಕಿ, ಸ್ಪ್ರೇ ಕೆಲಸ ಮಾಡಿ ಬಂದವರು ಸ್ನಾನ ಮಾಡದೆ ಟ್ಯಾಂಕಿಗೆ ಕೈ ಹಾಕಬಾರದು.

ಕರೆಂಟ್ ಹೋದಾಗ ಮೊದಲು ಬೇಕಾಗೋದು ಆಕ್ಸಿಜನ್, ಹೀಟರ್ ಆಮೇಲೆ. ಬ್ಯಾಟರಿ ಏರ್ ಪಂಪ್ ಒಂದು ಇಟ್ಕೊಳ್ಳಿ, ಇನ್ವರ್ಟರಿಗೆ ವೇವ್ ಪಂಪ್ ಒಂದನ್ನೇ ಕೊಡಿ, ಟ್ಯಾಂಕಿನ ಮೂರು ಬದಿಗೆ ಕಂಬಳಿ ಸುತ್ತಿ, ಕರೆಂಟ್ ಬರೋತನಕ ಮೀನಿಗೆ ಊಟ ಹಾಕಬೇಡಿ.

ಇನ್ನು ಕರಾವಳಿಯಿಂದ ಹವಳ ತರೋ ಮಾತು. ಬೇಡ, ಖಂಡಿತ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಷೆಡ್ಯೂಲ್ 1ಕ್ಕೆ 2001ರಲ್ಲೇ ಎಲ್ಲ ಗಟ್ಟಿ ಹವಳ, ಕಪ್ಪು ಹವಳ, ಸಮುದ್ರ ಬೀಸಣಿಗೆ ಎಲ್ಲ ಸೇರಿದೆ, ಅಂದ್ರೆ ಹುಲಿಗೆ ಇರೋ ರಕ್ಷಣೆನೇ ಅದಕ್ಕೂ ಇದೆ. ಸಮುದ್ರದಿಂದ ಕಿತ್ತು ತಂದ ಕಲ್ಲಲ್ಲಿ ಇವು ಅಂಟಿಕೊಂಡಿರಬಹುದು. ಮುರುಡೇಶ್ವರದ ಎದುರಿಗಿರೋ ನೇತ್ರಾಣಿಯ ಸುತ್ತ ಇರೋ ಹವಳ ನಮ್ಮ ರಾಜ್ಯಕ್ಕೆ ಇರೋ ಅಪರೂಪದ ಆಸ್ತಿ, ಅದರಲ್ಲಿ ಒಂದು ತುಂಡೂ ನಮ್ಮ ಹಾಲಿಗೆ ಬರಬಾರದು ಅಂತ ನಾನು ಮನಸ್ಸಿಂದ ಕೇಳ್ಕೊಳ್ತೀನಿ. ನಿಮ್ಮ ಹತ್ರ ಇರೋ ಜೋಆ, ಮಶ್ರೂಮ್ ಚೇತರಿಸಿಕೊಂಡ್ರೆ ಅವೇ ಮರಿ ಹಾಕಿ ಒಂದು ವರ್ಷದಲ್ಲಿ ಕಲ್ಲು ತುಂಬುತ್ತೆ, ಹವ್ಯಾಸದ ಗೆಳೆಯರ ಟ್ಯಾಂಕಲ್ಲಿ ಬೆಳೆದ ತುಂಡು ಬದಲಾಯಿಸ್ಕೊಳ್ಳಬಹುದು.

ಪ್ಯಾಡ್ ನೀಲಿಯಾಗೋದು ನಿಂತು, ಜೋಆ ಹತ್ತು ದಿನ ಬಿಡದೆ ಅರಳಿದ ಮೇಲೆ ಒಂದೇ ಒಂದು ಬಸವನಹುಳ ಬಿಡಿ. ಅದು ಗಾಜು ಹತ್ತಿ ಪಾಚಿ ಕೆರೆದ ದಾರಿ ಮಾಡ್ಕೊಂಡು ಹೋಗ್ತಿದ್ರೆ ಸರಿ, ಬುಡದಲ್ಲಿ ಮಗುಚಿ ಬಿದ್ದು ಎತ್ತಿ ನಿಲ್ಸಿದ್ರೂ ಮತ್ತೆ ಬೀಳ್ತಿದ್ರೆ ಅದನ್ನ ತಕ್ಷಣ ಆ ಬಕೆಟ್‌ಗೆ ಹಾಕಿ, ಟ್ಯಾಂಕಿಗೆ ಇನ್ನೂ ಎರಡು ವಾರ ಪ್ಯಾಡ್ ಬೇಕು. ಮೂರು ವಾರ ಅದು ಚೆನ್ನಾಗಿದ್ರೆ ಸೀಗಡಿ, ಅದಾದ ಒಂದು ತಿಂಗಳಿಗೆ ಜೀನಿಯಾ. ಆ ಬಕೆಟ್ಟಿಗೆ ಪೇಂಟಲ್ಲಿ ದಪ್ಪಗೆ ಟ್ಯಾಂಕಿಗೆ ಮಾತ್ರ ಅಂತ ಬರೆದು, ಬಚ್ಚಲಿನ ಹತ್ರ ಅಲ್ಲ, ಟ್ಯಾಂಕಿನ ಸ್ಟ್ಯಾಂಡ್ ಕೆಳಗೇ ಇಡಿ. ಪ್ಯಾಡ್ ಯಾವ ಬಣ್ಣಕ್ಕೆ ತಿರುಗ್ತು ಅಂತ ಹಗಲು ಬೆಳಕಲ್ಲಿ ಫೋಟೋ ತೆಗೆದು ಕಳಿಸಿ, ಆರ್‌ಓ ಒಳಗಿನ ಕ್ಯಾಟ್ರಿಜ್‌ಗಳ ಫೋಟೋನೂ ಜೊತೆಗೆ.